ನಟಿಯೊಬ್ಬರು ಕಟ್ಟಿದ ಮನೆ: ಅರುಂಧತಿ ನಾಗ್ ಮತ್ತು ರಂಗಶಂಕರ ನಡೆಯುವ ಬಗೆ

ಕನ್ನಡ ಸಿನಿಮಾ ನೋಡುವವರಿಗೆ ಅರುಂಧತಿ ನಾಗ್ ಅಂದ ತಕ್ಷಣ ನೆನಪಾಗುವುದು 2005ರ ‘ಜೋಗಿ’. ಮಗನನ್ನು ಹುಡುಕಿಕೊಂಡು ಬೆಂಗಳೂರಿಗೆ ಬಂದು ಬೀದಿ ಬೀದಿ ಅಲೆಯುವ ಆ ತಾಯಿಯನ್ನು ಮರೆಯುವುದು ಕಷ್ಟ. ಹಿಂದಿ ಸಿನಿಮಾ ನೋಡುವವರು ‘ಪಾ’ ಚಿತ್ರದ ಅಜ್ಜಿಯನ್ನು ಹೇಳುತ್ತಾರೆ. ಆ ಪಾತ್ರಕ್ಕೆ ಅವರಿಗೆ ಪೋಷಕ ನಟಿ ರಾಷ್ಟ್ರಪ್ರಶಸ್ತಿ ಬಂತು. ಆದರೆ ಸಿನಿಮಾ ಅವರ ಕೆಲಸದ ಒಂದು ಸಣ್ಣ ಪಾಲು ಅಷ್ಟೇ. ಸುಮಾರು ಐದು ದಶಕದಿಂದ ಅವರು ನಾಟಕದವರು. ಬೆಂಗಳೂರಿನ ಜೆ.ಪಿ. ನಗರ 2ನೇ ಹಂತದಲ್ಲಿ ‘ರಂಗಶಂಕರ’ ಅನ್ನುವ ನಾಟಕಮಂದಿರ ನಿಂತದ್ದು, 2004ರಿಂದ ಇವತ್ತಿನವರೆಗೂ ನಡೆದುಕೊಂಡು ಬಂದದ್ದು ಮುಖ್ಯವಾಗಿ ಅವರ ಹಟದಿಂದ.

ರಂಗಶಂಕರಕ್ಕೆ ಹೋಗಿ ನಾಟಕ ನೋಡಿ ಬಂದವರು ಬಹಳ ಜನ ಇದ್ದಾರೆ. ಆದರೆ ಅದು ನಡೆಯುವುದು ಹೇಗೆ ಅಂತ ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಸಿನಿಮಾ ಥಿಯೇಟರ್ ಹೇಗೆ ನಡೆಯುತ್ತದೆ ಅಂತ ನಮಗೆ ಗೊತ್ತು. ಸರ್ಕಾರಿ ರಂಗಮಂದಿರವೂ ಗೊತ್ತು. ಇದು ಅವೆರಡರ ಸಾಲಿಗೂ ಸೇರುವುದಿಲ್ಲ. ಲಾಭಕ್ಕಾಗಿ ನಡೆಯುವುದಿಲ್ಲ, ಸರ್ಕಾರವೂ ನಡೆಸುವುದಿಲ್ಲ. ಹಾಗಿದ್ದೂ ‘ದಿನಕ್ಕೊಂದು ನಾಟಕ’ ಅನ್ನುವ ಮಾತನ್ನು ವಾರಕ್ಕೆ ಆರು ದಿನ ಉಳಿಸಿಕೊಳ್ಳುತ್ತದೆ. ಸೋಮವಾರ ಮಾತ್ರ ರಜೆ. ಇದು ಹೇಗೆ ಸಾಧ್ಯ ಅನ್ನುವುದಕ್ಕೆ ಉತ್ತರ ಬೇಕಾದರೆ ಅರುಂಧತಿಯವರ ನಟನೆಯ ಬದುಕಿನಿಂದಲೇ ಶುರು ಮಾಡಬೇಕು. ಆ ಕಟ್ಟಡದ ಒಂದೊಂದು ನಿಯಮದ ಹಿಂದೆಯೂ ವೇದಿಕೆಯ ಮೇಲೆ ನಿಂತವರ ಅನುಭವ ಇದೆ ಅನ್ನುವುದು ನನ್ನ ನಂಬಿಕೆ.

ಅರುಂಧತಿ ಹುಟ್ಟಿದ್ದು 1956ರಲ್ಲಿ, ದೆಹಲಿಯಲ್ಲಿ. ಮದುವೆಗೆ ಮೊದಲು ಅರುಂಧತಿ ರಾವ್. ಅವರಿಗೆ 10 ವರ್ಷವಾದಾಗ ಮನೆಯವರು ಮುಂಬೈಗೆ ಬಂದರು. ಕಾಲೇಜಿಗೆ ಹೋಗುವ ವಯಸ್ಸಿಗೆ ‘ಇಪ್ಟಾ’, ಅಂದರೆ ಇಂಡಿಯನ್ ಪೀಪಲ್ಸ್ ಥಿಯೇಟರ್ ಅಸೋಸಿಯೇಷನ್ ಸೇರಿದರು. ನಮ್ಮ ನಿರ್ದೇಶಕ ಎಂ.ಎಸ್. ಸತ್ಯು ಅವರೂ ಕೆಲಸ ಮಾಡಿದ ಸಂಘಟನೆ ಅದು. ಆಗಿನ ಮುಂಬೈ ರಂಗಭೂಮಿಯ ವಿಶೇಷ ಏನೆಂದರೆ, ಒಂದೇ ಊರಿನಲ್ಲಿ ಮರಾಠಿ, ಗುಜರಾತಿ, ಹಿಂದಿ, ಇಂಗ್ಲಿಷ್ ನಾಟಕಗಳು ಅಕ್ಕಪಕ್ಕದಲ್ಲೇ ನಡೆಯುತ್ತಿದ್ದವು. ಮರಾಠಿ, ಗುಜರಾತಿ ನಾಟಕಗಳಿಗೆ ಜನ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು ಬರುತ್ತಿದ್ದರು. ಒಂದೇ ನಾಟಕ ನೂರಾರು ಪ್ರಯೋಗ ಕಾಣುತ್ತಿತ್ತು. ಅರುಂಧತಿ ಈ ನಾಲ್ಕೂ ಭಾಷೆಗಳಲ್ಲಿ ನಟಿಸಿದರು. ನಾಟಕ ಅಂದರೆ ಎರಡು ದಿನದ ಹಬ್ಬವಲ್ಲ, ದಿನಾ ಮಾಡುವ ಕೆಲಸ ಅನ್ನುವುದು ಅವರ ಮೈಗೆ ಹತ್ತಿದ್ದು ಅಲ್ಲೇ.

ಶಂಕರ್ ನಾಗ್ ಅವರ ಪರಿಚಯವಾದದ್ದೂ ಮುಂಬೈ ರಂಗಭೂಮಿಯಲ್ಲೇ. ಆಗ ಅರುಂಧತಿಗೆ 17 ವರ್ಷ. 1978ರ ‘ಒಂದಾನೊಂದು ಕಾಲದಲ್ಲಿ’ ಶಂಕರ್ ಅವರನ್ನು ಕನ್ನಡ ಸಿನಿಮಾಕ್ಕೆ ಕರೆತಂತು. ಮದುವೆಯಾದ ಮೇಲೆ ಅರುಂಧತಿಯೂ ಬೆಂಗಳೂರಿಗೆ ಬಂದರು. ಇಲ್ಲಿಗೆ ಬಂದು ಕನ್ನಡದ ನಟಿಯಾಗಿಯೇ ನಿಂತರು. ಇದನ್ನು ಸುಲಭದ ಮಾತು ಅಂದುಕೊಳ್ಳಬಾರದು. ಸಿನಿಮಾದಲ್ಲಿ ಭಾಷೆ ಬಾರದವರಿಗೆ ಡಬ್ಬಿಂಗ್ ಇದೆ. ನಾಟಕದಲ್ಲಿ ಆ ಆಸರೆ ಇಲ್ಲ. ಎರಡು ಗಂಟೆ ನಿಮ್ಮ ನಾಲಿಗೆಯೇ ಗತಿ. ಒಂದು ‘ಳ’ ತಪ್ಪಿದರೂ ಮೂರನೇ ಸಾಲಿನವರಿಗೆ ಗೊತ್ತಾಗುತ್ತದೆ.

ಇಬ್ಬರೂ ಸೇರಿ ಕಟ್ಟಿದ ತಂಡ ‘ಸಂಕೇತ್’. ಗಿರೀಶ್ ಕಾರ್ನಾಡರ ‘ಅಂಜು ಮಲ್ಲಿಗೆ’, ‘ನಾಗಮಂಡಲ’, ಜಯವಂತ ದಳವಿಯವರ ‘ಸಂಧ್ಯಾಛಾಯಾ’, ‘27 ಮಾವಳ್ಳಿ ಸರ್ಕಲ್’, ಬ್ರೆಕ್ಟ್‌ನ ‘ಮದರ್ ಕರೇಜ್’ನ ಕನ್ನಡ ರೂಪ, ಹೀಗೆ ಅರುಂಧತಿಯವರ ಹೆಸರಿನ ಜೊತೆ ಜನ ನೆನೆಯುವ ನಾಟಕಗಳ ಪಟ್ಟಿ ಉದ್ದವಿದೆ. ಇವುಗಳಲ್ಲಿ ‘27 ಮಾವಳ್ಳಿ ಸರ್ಕಲ್’ ಬಗ್ಗೆ ಸ್ವಲ್ಪ ಹೇಳಬೇಕು. ‘ವೇಟ್ ಅಂಟಿಲ್ ಡಾರ್ಕ್’ ಅನ್ನುವ ಇಂಗ್ಲಿಷ್ ನಾಟಕದ ಕನ್ನಡ ರೂಪ ಅದು. ಕಣ್ಣು ಕಾಣದ ಹೆಂಗಸೊಬ್ಬಳ ಮನೆಗೆ ದುಷ್ಟರು ನುಗ್ಗುತ್ತಾರೆ. ಅವಳು ಮನೆಯ ದೀಪಗಳನ್ನೆಲ್ಲ ಒಡೆದು ಹಾಕುತ್ತಾಳೆ. ಕತ್ತಲಾದ ಮೇಲೆ ಅವಳಿಗೂ ಅವರಿಗೂ ಸಮಸಮ. ಇಂಥ ಪಾತ್ರ ಮಾಡುವವರು ಕಣ್ಣು ತೆರೆದಿಟ್ಟುಕೊಂಡೇ ಯಾವುದನ್ನೂ ನೋಡದಂತೆ ಇರಬೇಕು. ಎದುರಿನವರು ಮಾತಾಡಿದರೆ ಮುಖ ತಿರುಗಬಾರದು, ಕಿವಿ ತಿರುಗಬೇಕು. ಕುರ್ಚಿ ಇರುವ ಜಾಗಕ್ಕೆ ಕೈ ಮೊದಲು ಹೋಗಬೇಕು. ಈಗ ಇದನ್ನು 1000 ಜನ ಕೂರುವ ಹಾಲ್‌ನಲ್ಲಿ ಮಾಡಿ ನೋಡಿ. ಹಿಂದಿನ ಸಾಲಿನವರಿಗೆ ಕಣ್ಣೂ ಕಾಣುವುದಿಲ್ಲ, ಕೈಯೂ ಕಾಣುವುದಿಲ್ಲ. ಮೈಕಿನಿಂದ ಬರುವ ಮಾತು ಮಾತ್ರ ಕೇಳುತ್ತದೆ.

ಆಗಿನ ಬೆಂಗಳೂರಿನ ಹವ್ಯಾಸಿ ತಂಡಗಳ ಪಾಡು ಇದೇ ಆಗಿತ್ತು. ದೊಡ್ಡ ನಾಟಕಕ್ಕೆಲ್ಲ 1963ರಲ್ಲಿ ಶುರುವಾದ ರವೀಂದ್ರ ಕಲಾಕ್ಷೇತ್ರವೇ ಗತಿ. ಅದು ಕನ್ನಡ ರಂಗಭೂಮಿಗೆ ಕೊಟ್ಟದ್ದು ಸಣ್ಣದೇನಲ್ಲ. ಬಿ.ವಿ. ಕಾರಂತರ ನಾಟಕಗಳಿಗೆ ಊರಿಗೆ ಊರೇ ಸೇರಿದ್ದು ಆ ಆವರಣದಲ್ಲೇ. ಆದರೆ ಅದು ಎಲ್ಲದಕ್ಕೂ ಬೇಕಾದ ಹಾಲ್. ಸನ್ಮಾನ, ಶಾಲಾ ವಾರ್ಷಿಕೋತ್ಸವ, ಸರ್ಕಾರಿ ಸಮಾರಂಭ, ಎಲ್ಲವೂ ಅಲ್ಲೇ. ನಾಟಕದವರಿಗೆ ಒಂದು ದಿನ ಸಿಕ್ಕರೆ ಪುಣ್ಯ. ತಿಂಗಳುಗಟ್ಟಲೆ ತಾಲೀಮು ಮಾಡಿ ಎರಡೋ ಮೂರೋ ಶೋ ಮಾಡಿದರೆ ನಾಟಕದ ಆಯಸ್ಸು ಮುಗಿಯಿತು. ಪಾತ್ರ ಒಳಗೆ ಇಳಿಯುವುದೇ ಹತ್ತನೇ ಶೋ ಹೊತ್ತಿಗೆ ಅನ್ನುತ್ತಾರೆ ನಟರು. ಆ ಹತ್ತನೇ ಶೋ ಬರುತ್ತಲೇ ಇರಲಿಲ್ಲ. ಮುಂಬೈ ನೋಡಿ ಬಂದಿದ್ದ ಶಂಕರ್ ಮತ್ತು ಅರುಂಧತಿಗೆ ಇದು ಚುಚ್ಚುತ್ತಿತ್ತು. ಅಲ್ಲಿ ಜುಹುವಿನಲ್ಲಿ 1978ರಲ್ಲೇ ಪೃಥ್ವಿ ಥಿಯೇಟರ್ ತೆರೆದಿತ್ತು. ಕಟ್ಟಿದವರು ಶಶಿ ಕಪೂರ್ ಮತ್ತು ಜೆನಿಫರ್ ಕೆಂಡಲ್. ಜೆನಿಫರ್ ಕೂಡ ನಾಟಕದ ನಟಿಯೇ. ಚಿಕ್ಕ ಹಾಲ್, ಹತ್ತಿರದ ವೇದಿಕೆ, ನಾಟಕಕ್ಕೇ ಮೀಸಲು. ಅಂಥದ್ದೊಂದು ಬೆಂಗಳೂರಿಗೂ ಬೇಕು ಅನ್ನುವುದು ಅವರ ಆಸೆ.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡು ಬಳಿ ಕಾರು ಅಪಘಾತ. ಶಂಕರ್ ನಾಗ್ ತೀರಿಕೊಂಡರು. ವಯಸ್ಸು ಬರೀ 35. ಕಾರಿನಲ್ಲಿ ಅರುಂಧತಿ ಮತ್ತು ಅವರ ಪುಟ್ಟ ಮಗಳೂ ಇದ್ದರು. ಅರುಂಧತಿಗೆ ತೀವ್ರ ಗಾಯಗಳಾದವು. ಕರ್ನಾಟಕ ಆ ಸಾವನ್ನು ಇನ್ನೂ ಮರೆತಿಲ್ಲ. ಆಟೋಗಳ ಹಿಂದೆ ಶಂಕರಣ್ಣನ ಚಿತ್ರ ಈಗಲೂ ಓಡಾಡುತ್ತಿದೆ. ಹಾಗೆ ಉಳಿದ ಪ್ರೀತಿಗೆ ಒಂದು ಪ್ರತಿಮೆ ನಿಲ್ಲಿಸುವುದು ಕಷ್ಟವಿರಲಿಲ್ಲ. ಅರುಂಧತಿ ಆರಿಸಿಕೊಂಡದ್ದು ಅದಕ್ಕಿಂತ ನೂರು ಪಾಲು ಕಷ್ಟದ ದಾರಿಯನ್ನು.

1992ರಲ್ಲಿ ‘ಸಂಕೇತ್ ಟ್ರಸ್ಟ್’ ಶುರುವಾಯಿತು. ಗಿರೀಶ್ ಕಾರ್ನಾಡರಂಥವರು ಜೊತೆಗೆ ನಿಂತರು. ರಂಗಶಂಕರದ ಬಾಗಿಲು ತೆರೆದದ್ದು 2004ರ ಅಕ್ಟೋಬರ್‌ನಲ್ಲಿ. ನಡುವೆ 12 ವರ್ಷ. ಅಷ್ಟು ಕಾಲ ಯಾಕೆ ಬೇಕಾಯಿತು?

ಮೊದಲು ಟ್ರಸ್ಟ್ ಯಾಕೆ ಅನ್ನುವುದನ್ನು ನೋಡೋಣ. ಸ್ವಂತ ದುಡ್ಡಿನಲ್ಲಿ, ಸ್ವಂತ ಹೆಸರಿನಲ್ಲಿ ಹಾಲ್ ಕಟ್ಟಿದರೆ ಅದು ಆಸ್ತಿ. ನಾಳೆ ಮಾರಬಹುದು, ಮಕ್ಕಳು ಹಂಚಿಕೊಳ್ಳಬಹುದು, ಬೇಸರವಾದರೆ ಮದುವೆ ಛತ್ರ ಮಾಡಬಹುದು. ಸಾರ್ವಜನಿಕ ಟ್ರಸ್ಟ್ ಆದರೆ ಉದ್ದೇಶ ಏನು ಅಂತ ಪತ್ರದಲ್ಲಿ ಬರೆದಿರುತ್ತದೆ, ಹಣ ಆ ಉದ್ದೇಶಕ್ಕೇ ಹೋಗಬೇಕು. ಉಳಿದ ದುಡ್ಡನ್ನು ಯಾರೂ ಮನೆಗೆ ಒಯ್ಯುವಂತಿಲ್ಲ. ಇನ್ನೊಂದು ಅನುಕೂಲ ಅಂದರೆ, ಸರ್ಕಾರದ ಜಾಗ ಕೇಳುವುದಕ್ಕೂ ದೇಣಿಗೆ ಕೇಳುವುದಕ್ಕೂ ಇಂಥದ್ದೊಂದು ಸಂಸ್ಥೆಯ ಹೆಸರು ಬೇಕೇ ಬೇಕು.

ಜಾಗವನ್ನು ಕರ್ನಾಟಕ ಸರ್ಕಾರ ಗುತ್ತಿಗೆಯ ಮೇಲೆ ಕೊಟ್ಟಿತು. ಅಂದರೆ ನೆಲ ಟ್ರಸ್ಟ್‌ನದ್ದಲ್ಲ, ಅದರ ಮೇಲೆ ಕಟ್ಟಿ ನಡೆಸುವ ಹಕ್ಕು ಮಾತ್ರ ಟ್ರಸ್ಟ್‌ನದ್ದು. ಬೆಂಗಳೂರಿನ ಜಾಗದ ಬೆಲೆ ಗೊತ್ತಿರುವವರಿಗೆ ಇದರ ಮಹತ್ವ ಬಿಡಿಸಿ ಹೇಳಬೇಕಿಲ್ಲ. ನೆಲವನ್ನು ದುಡ್ಡು ಕೊಟ್ಟು ಕೊಳ್ಳಬೇಕಾಗಿ ಬಂದಿದ್ದರೆ ಈ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಆಮೇಲೆ ಕಟ್ಟುವ ಖರ್ಚು. ಸರ್ಕಾರ, ಕಂಪನಿಗಳು, ಪ್ರತಿಷ್ಠಾನಗಳು, ಸಾಮಾನ್ಯ ಜನ, ಎಲ್ಲರ ಮುಂದೆಯೂ ಕೈ ಚಾಚಬೇಕಾಯಿತು. ಆಸ್ಪತ್ರೆಗೆ, ಶಾಲೆಗೆ ದುಡ್ಡು ಕೊಡಿ ಅಂದರೆ ಜನಕ್ಕೆ ತಕ್ಷಣ ಅರ್ಥವಾಗುತ್ತದೆ. ನಾಟಕಕ್ಕೆ ಯಾಕೆ ಕೊಡಬೇಕು ಅನ್ನುವ ಪ್ರಶ್ನೆಗೆ ಪ್ರತಿ ಬಾಗಿಲಲ್ಲೂ ಹೊಸದಾಗಿ ಉತ್ತರ ಹೇಳಬೇಕು. ಒಬ್ಬ ನಟಿ, ತನ್ನ ನಟನೆಯ ಒಳ್ಳೆಯ ವಯಸ್ಸಿನ ಇಷ್ಟೊಂದು ವರ್ಷಗಳನ್ನು ಕಚೇರಿಗಳ ಹೊರಗೆ ಕಾಯುವುದರಲ್ಲಿ ಕಳೆದರಲ್ಲ, ಅದು ನನಗೆ ಅವರ ಯಾವ ಪಾತ್ರಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

ಕಟ್ಟಡದ ವಿನ್ಯಾಸ ವಾಸ್ತುಶಿಲ್ಪಿ ಶಾರುಖ್ ಮಿಸ್ತ್ರಿ ಅವರದು. ಒಳಗೆ ಕೂತರೆ ಮೊದಲು ಗೊತ್ತಾಗುವುದು ವೇದಿಕೆ ಎಷ್ಟು ಹತ್ತಿರ ಇದೆ ಅನ್ನುವುದು. ನಮಗೆ ಅಭ್ಯಾಸವಾದ ವೇದಿಕೆಗೆ ಮುಂದೆ ಒಂದು ಚೌಕಟ್ಟು, ಪರದೆ ಇರುತ್ತದೆ. ಪ್ರೇಕ್ಷಕರು ಎಲ್ಲರೂ ಎದುರುಗಡೆ. ಕಂಪನಿ ನಾಟಕಗಳ ಕಾಲದಲ್ಲಿ ಪಾರ್ಸಿ ರಂಗಭೂಮಿಯ ಪ್ರಭಾವದಿಂದ ಇದು ನಮ್ಮಲ್ಲಿ ಗಟ್ಟಿಯಾಯಿತು. ರಂಗಶಂಕರದಲ್ಲಿ ವೇದಿಕೆ ಪ್ರೇಕ್ಷಕರ ನಡುವೆ ಚಾಚಿಕೊಂಡಿದೆ. ಮೂರು ಕಡೆ ಜನ. ಸೀಟುಗಳು ಕಡಿದಾಗಿ ಮೇಲೇರುತ್ತವೆ. ಸೀಟುಗಳ ಸಂಖ್ಯೆ 300ರ ಆಸುಪಾಸು. ಎಲ್ಲಿ ಕೂತರೂ ನಟರ ಮುಖ ಕಾಣುತ್ತದೆ. ನಮ್ಮ ಬಯಲಾಟ, ಯಕ್ಷಗಾನ ನೋಡಿದವರಿಗೆ ಇದು ಹೊಸದೇನಲ್ಲ. ರಂಗಸ್ಥಳದ ಮೂರು ಕಡೆ ಕೂತು ಆಟ ನೋಡುವುದು ನಮ್ಮ ಹಳೇ ಪದ್ಧತಿಯೇ.

ನಟರಿಗೆ ಇದರಿಂದ ಏನಾಗುತ್ತದೆ? ಮೊದಲನೆಯದಾಗಿ, ಮೈಕ್ ಬೇಡ. ಪಿಸುಮಾತು ಪಿಸುಮಾತಾಗಿಯೇ ಹಿಂದಿನ ಸಾಲಿಗೆ ತಲುಪುತ್ತದೆ. ಪಾತ್ರಧಾರಿ ಉಸಿರು ಎಳೆದುಕೊಂಡದ್ದು, ಬಳೆ ಮೇಜಿಗೆ ತಾಗಿದ್ದು ಕೇಳಿಸುತ್ತದೆ. ಎರಡನೆಯದು ಕಷ್ಟದ್ದು. ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ. ಎಡಗಡೆಯವರಿಗೆ ಮುಖ ತೋರಿಸಿದರೆ ಬಲಗಡೆಯವರಿಗೆ ಬೆನ್ನು. ಹಾಗಾಗಿ ಬೆನ್ನೂ ನಟಿಸಬೇಕು. ಬಣ್ಣ ಬಳಿದ ಪರದೆಯನ್ನು ಹಿಂದೆ ಇಳಿಬಿಟ್ಟು ಕಾಡು ಅಂದರೆ ನಡೆಯುವುದಿಲ್ಲ, ಪಕ್ಕದಲ್ಲಿ ಕೂತವರಿಗೆ ಅದರ ಅಂಚು ಕಾಣುತ್ತದೆ. ನಿರ್ದೇಶಕರು ಸೆಟ್ ಕಡಿಮೆ ಮಾಡಿ ನಟರ ಮೇಲೆ ಭಾರ ಹಾಕಲೇಬೇಕು. ನಟರನ್ನು ನಂಬುವ ವೇದಿಕೆ ಅದು.

ಇದಕ್ಕೆ ಒಳ್ಳೆಯ ಉದಾಹರಣೆ 2005ರಲ್ಲಿ ಅಲ್ಲೇ ಬಂದ ಕಾರ್ನಾಡರ ‘ಒಡಕಲು ಬಿಂಬ’. ಕಾರ್ನಾಡ್ ಮತ್ತು ಕೆ.ಎಂ. ಚೈತನ್ಯ ನಿರ್ದೇಶನ, ನಟಿ ಅರುಂಧತಿ ನಾಗ್. ಇಡೀ ನಾಟಕಕ್ಕೆ ಅವರೊಬ್ಬರೇ. ಮಂಜುಳಾ ನಾಯಕ್ ಅನ್ನುವ ಲೇಖಕಿ ಟೀವಿ ಸ್ಟುಡಿಯೋದಲ್ಲಿ ಭಾಷಣ ಮುಗಿಸಿ ಹೊರಡುವಾಗ, ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ತಡೆದು ಮಾತಾಡಿಸಲು ಶುರು ಮಾಡುತ್ತದೆ. ಬಿಂಬ ಮೊದಲೇ ಚಿತ್ರೀಕರಿಸಿದ್ದು. ಎದುರಿಗಿರುವ ನಟಿ ಜೀವಂತ. ಮನುಷ್ಯ ಸಹನಟ ಆದರೆ ನೀವು ಒಂದು ಮಾತು ಮರೆತರೆ ಸಂಭಾಳಿಸುತ್ತಾನೆ. ಪ್ರೇಕ್ಷಕರು ನಕ್ಕರೆ ಒಂದು ಕ್ಷಣ ತಡೆಯುತ್ತಾನೆ. ವಿಡಿಯೋ ತಡೆಯುವುದಿಲ್ಲ. ಅದು ಪ್ರಶ್ನೆ ಕೇಳಿ, ಇಷ್ಟು ಸೆಕೆಂಡ್ ಬಿಟ್ಟು, ಮುಂದಿನ ಮಾತಿಗೆ ಹೋಗಿಬಿಡುತ್ತದೆ. ಅಷ್ಟರೊಳಗೆ ಉತ್ತರ ಹೇಳಿ, ಮುಖಭಾವ ತಂದು, ಒಂದು ಹೆಜ್ಜೆ ಇಟ್ಟು ಮುಗಿಸಬೇಕು. ಅದೂ ಈಗ ತಾನೇ ಹೊಳೆದ ಮಾತಿನಂತೆ ಕೇಳಿಸಬೇಕು. ಮೂರು ಕಡೆ ಜನ ಇಷ್ಟು ಹತ್ತಿರ ಕೂತಿರುವಾಗ ಒಂದು ಕ್ಷಣ ತಪ್ಪಿದರೂ ಸಿಕ್ಕಿಬಿದ್ದಂತೆ. ಕಟ್ಟಡಕ್ಕಾಗಿ ಅಷ್ಟು ವರ್ಷ ಓಡಾಡಿದ ಮೇಲೆ, ಆ ವೇದಿಕೆಯ ಮೇಲೆ ಅವರು ಕೈಗೆತ್ತಿಕೊಂಡದ್ದು ಇಂಥ ಪಾತ್ರವನ್ನು!

ಇನ್ನು ನಿಯಮಗಳು. ಸಂಜೆ 7.30ರ ಶೋ ಅಂದರೆ 7.30ಕ್ಕೇ ಶುರು. ಮೂರನೇ ಬೆಲ್ ಆಗಿ ಬಾಗಿಲು ಮುಚ್ಚಿದ ಮೇಲೆ ಯಾರನ್ನೂ ಬಿಡುವುದಿಲ್ಲ. ಬೆಂಗಳೂರು ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ಐದು ನಿಮಿಷ ತಡವಾಗಿ ಬಂದವರಿಗೆ ಸಿಟ್ಟು ಬರುವುದು ಸಹಜ. ಟಿಕೆಟ್ ಕೈಯಲ್ಲೇ ಇದೆ, ಯಾಕೆ ಬಿಡಲ್ಲ? ಆದರೆ ಒಳಗಿನ ಸ್ಥಿತಿ ಯೋಚಿಸಿ. ವೇದಿಕೆ ಕತ್ತಲಾಗಿದೆ, ನಟಿ ಮೊದಲ ಮಾತಿಗೆ ಸಿದ್ಧವಾಗಿದ್ದಾಳೆ. ಆ ಹೊತ್ತಿಗೆ ಬಾಗಿಲು ತೆರೆದು ಹೊರಗಿನ ಬೆಳಕು ಬಿದ್ದರೆ, ಯಾರೋ ಮೊಬೈಲ್ ಟಾರ್ಚ್ ಹಾಕಿಕೊಂಡು ಸೀಟು ಹುಡುಕಿದರೆ, ಅಲ್ಲಿಯವರೆಗೆ ಕೂಡಿಸಿಕೊಂಡದ್ದೆಲ್ಲ ಹೋಯಿತು. ಸಮಯಕ್ಕೆ ಬಂದು ಕೂತವರಿಗೂ ಅದು ಅನ್ಯಾಯ. ಇಪ್ಪತ್ತು ವರ್ಷ ಬಿಡದೆ ಪಾಲಿಸಿದ ಈ ಒಂದು ನಿಯಮ ಬೆಂಗಳೂರಿನ ನಾಟಕ ಪ್ರೇಕ್ಷಕರ ಅಭ್ಯಾಸವನ್ನೇ ಬದಲಾಯಿಸಿದೆ. ಮುಖ್ಯ ಅತಿಥಿ ಬರುವವರೆಗೆ ನಾಟಕ ಕಾಯುವ ಪದ್ಧತಿ ಕಂಡವರಿಗೆ ಇದರ ಬೆಲೆ ಗೊತ್ತು.

ಹಾಲ್ ನಾಟಕಕ್ಕೆ ಮೀಸಲು ಅನ್ನುವುದು ಇನ್ನೊಂದು ನಿಯಮ. ಇದು ದುಡ್ಡಿನ ದೃಷ್ಟಿಯಿಂದ ಬಹಳ ದುಬಾರಿ. ಜೆ.ಪಿ. ನಗರದಂಥ ಕಡೆ ಒಂದು ಎ.ಸಿ. ಹಾಲ್ ಅನ್ನು ಕಂಪನಿಗಳ ಸಭೆಗೋ ಸಮಾರಂಭಕ್ಕೋ ಕೊಟ್ಟರೆ ಒಳ್ಳೇ ಬಾಡಿಗೆ ಬರುತ್ತದೆ. ಆದರೆ ಒಂದು ಸಲ ಆ ಬಾಗಿಲು ತೆರೆದರೆ ನಾಟಕಕ್ಕೆ ಉಳಿಯುವುದು ಯಾರಿಗೂ ಬೇಡವಾದ ದಿನಗಳು.

ಲೆಕ್ಕ ಅರ್ಥವಾಗಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಟಿಕೆಟ್ 200 ರೂಪಾಯಿ, 300 ಸೀಟು. ಹೌಸ್‌ಫುಲ್ ಆದರೆ 60,000 ರೂಪಾಯಿ. ಅರ್ಧ ತುಂಬಿದರೆ 30,000. ಇದರಲ್ಲಿ ತಂಡ ಸೆಟ್ ತರುವ ಟೆಂಪೋ, ಲೈಟ್, ಮೇಕಪ್, ಬಟ್ಟೆ, ಪ್ರಚಾರ, ಹದಿನೈದು ಜನರ ಊಟ-ಓಡಾಟ, ತಾಲೀಮಿನ ಜಾಗದ ಖರ್ಚು, ಎಲ್ಲ ನೋಡಿಕೊಳ್ಳಬೇಕು. ಇದರ ಮೇಲೆ ಹಾಲ್ ತನ್ನ ನಿಜವಾದ ಖರ್ಚನ್ನು, ಅಂದರೆ ಕರೆಂಟು, ಎ.ಸಿ., ಸಿಬ್ಬಂದಿ ಸಂಬಳ, ಲೈಟುಗಳ ರಿಪೇರಿ, ಎಲ್ಲವನ್ನೂ ಬಾಡಿಗೆಯಾಗಿ ವಸೂಲಿ ಮಾಡಿದರೆ ಯಾವ ಹವ್ಯಾಸಿ ತಂಡವೂ ಎರಡನೇ ಸಲ ಆ ಕಡೆ ತಲೆ ಹಾಕುವುದಿಲ್ಲ. ಅದಕ್ಕೇ ರಂಗಶಂಕರ ತಂಡಗಳಿಂದ ತೆಗೆದುಕೊಳ್ಳುವ ಬಾಡಿಗೆ ನಿಜವಾದ ಖರ್ಚಿಗಿಂತ ತುಂಬಾ ಕಡಿಮೆ. ನಡುವಿನ ಅಂತರ ತುಂಬಬೇಕಾದದ್ದು ದೇಣಿಗೆ, ಪ್ರಾಯೋಜಕರು ಮತ್ತು ಅನುದಾನದಿಂದ. ಹಾಗಾಗಿ ಶೋ ಜಾಸ್ತಿಯಾದಷ್ಟೂ ಹೊರಗಿನಿಂದ ತರಬೇಕಾದ ದುಡ್ಡೂ ಜಾಸ್ತಿ. ವಾರಕ್ಕೆ ಆರು ದಿನದ ಲೆಕ್ಕ ಹಿಡಿದರೆ ಶೋಗಳ ಸಂಖ್ಯೆ ವರ್ಷಕ್ಕೆ 300 ದಾಟುತ್ತದೆ. ಕಟ್ಟಡ ಎದ್ದ ದಿನ ದುಡ್ಡು ಕೇಳುವ ಕೆಲಸ ಮುಗಿಯಿತು ಅಂದುಕೊಂಡರೆ ತಪ್ಪು. ನಿಜಕ್ಕೂ ಶುರುವಾಗುವುದೇ ಆವಾಗ.

ದಿನಾ ನಾಟಕ ಇರುವುದರ ಲಾಭ ಕಣ್ಣಿಗೆ ಕಾಣುತ್ತದೆ. ಕೆಳಗಿನ ಕೆಫೆಯಲ್ಲಿ ಕಾಫಿ ಕುಡಿಯುತ್ತಾ ನಿಂತವರಲ್ಲಿ ಎಷ್ಟೋ ಜನ ಇವತ್ತಿನ ನಾಟಕದ ಹೆಸರೂ ಗೊತ್ತಿಲ್ಲದೆ ಬಂದಿರುತ್ತಾರೆ. ಏನೋ ಒಂದು ಇದ್ದೇ ಇರುತ್ತದೆ ಅನ್ನುವ ನಂಬಿಕೆ. ಆ ನಂಬಿಕೆ ಹುಟ್ಟಬೇಕಾದರೆ ಮಂಗಳವಾರ, ಬುಧವಾರ ಖಾಲಿ ಸೀಟುಗಳ ಮುಂದೆಯೂ ಶೋ ನಡೆಯಬೇಕು. ಮಕ್ಕಳಿಗಾಗಿ ‘ಆಹಾ!’ ಹೆಸರಿನ ರಂಗಕಾರ್ಯಕ್ರಮ 2006ರಿಂದ ನಡೆಯುತ್ತಿದೆ. ಜರ್ಮನಿಯ ಮನ್‌ಹೈಮ್ ನಗರದ ಶ್ನಾವ್ಲ್ ಮಕ್ಕಳ ರಂಗಭೂಮಿಯ ಜೊತೆ ಸೇರಿ ನಾಟಕ ಕಟ್ಟಿದ್ದೂ ಈ ದಾರಿಯಲ್ಲೇ. ಮಕ್ಕಳ ನಾಟಕ ಅಂದರೆ ಮಕ್ಕಳೇ ಮಾಡಬೇಕು ಅಂತ ನಮ್ಮಲ್ಲಿ ಒಂದು ಎಣಿಕೆ ಇದೆ. ಇಲ್ಲಿ ಪಳಗಿದ ದೊಡ್ಡ ನಟರು ಮಕ್ಕಳಿಗಾಗಿ ನಟಿಸುತ್ತಾರೆ. ಆರು ವರ್ಷದ ಮಗು ಬೇಜಾರಾದರೆ ಸುಮ್ನೆ ಕೂರುವುದಿಲ್ಲ, ಎದ್ದೇ ಬಿಡುತ್ತದೆ. ನಟರಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ರಂಗಶಂಕರದ ಬಗ್ಗೆ ದೂರುಗಳೂ ಇವೆ. ಅದು ದಕ್ಷಿಣ ಬೆಂಗಳೂರಿನ ಅನುಕೂಲಸ್ಥರ ಜಾಗ, ಯಲಹಂಕದಿಂದಲೋ ಪೀಣ್ಯದಿಂದಲೋ ಕೆಲಸ ಮುಗಿಸಿ 7.30ರೊಳಗೆ ಅಲ್ಲಿಗೆ ಬರುವುದು ಆಗದ ಮಾತು ಅನ್ನುತ್ತಾರೆ. ಈ ದೂರಿನಲ್ಲಿ ಹುರುಳಿದೆ. ಆದರೆ ಒಂದೇ ಹಾಲ್ ಇಡೀ ಬೆಂಗಳೂರಿಗೆ ಸಾಲುವುದಿಲ್ಲ ಅನ್ನುವುದು ಆ ಹಾಲಿನ ತಪ್ಪಲ್ಲ. ಊರು ಇಷ್ಟು ಬೆಳೆದ ಮೇಲೆ ಇಂಥವು ನಾಲ್ಕೈದು ಬೇಕಿತ್ತು.

ಅರುಂಧತಿಯವರಿಗೆ 2008ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ಪದ್ಮಶ್ರೀ ಬಂದವು. ಇವಕ್ಕಿಂತ ಮುಖ್ಯವಾದ ಒಂದು ವಿಷಯ ಇದೆ. ಕಟ್ಟಿದವರ ಬೆನ್ನಿಗೇ ಸಂಸ್ಥೆ ಮುಗಿದುಹೋಗುವುದು ನಮ್ಮ ರಂಗಭೂಮಿಯ ಹಳೇ ಕಾಯಿಲೆ. ಯಜಮಾನರು ಹೋದ ಮೇಲೆ ಎಷ್ಟು ನಾಟಕ ಕಂಪನಿಗಳು ಉಳಿದವು ಹೇಳಿ? ರಂಗಶಂಕರದಲ್ಲಿ ನಾಟಕಕಾರ, ನಿರ್ದೇಶಕ ಎಸ್. ಸುರೇಂದ್ರನಾಥ್ ಅವರಂಥವರು ಬಹಳ ವರ್ಷ ಕಲಾತ್ಮಕ ಜವಾಬ್ದಾರಿ ಹೊತ್ತರು. ವಾರದ ನಾಟಕಗಳ ಆಯ್ಕೆ, ತಾಂತ್ರಿಕ ಕೆಲಸ, ಟಿಕೆಟ್, ಪ್ರತಿಯೊಂದಕ್ಕೂ ಸಂಬಳದ ಸಿಬ್ಬಂದಿ ಇದ್ದಾರೆ. ಪರಿಚಯದವರು ಬಿಡುವು ಮಾಡಿಕೊಂಡು ಬಂದು ನೋಡಿಕೊಳ್ಳುವ ಪದ್ಧತಿಯಲ್ಲಿ ಹಬ್ಬ ನಡೆಸಬಹುದು, ವರ್ಷಪೂರ್ತಿ ರಂಗಮಂದಿರ ನಡೆಸಲಾಗುವುದಿಲ್ಲ.

ಕರ್ನಾಟಕದ ಬಹುತೇಕ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರ ಕಟ್ಟಿದ ರಂಗಮಂದಿರ ಇದೆ. ನೆಲ ಇದೆ, ಗೋಡೆ ಇದೆ, ಕುರ್ಚಿಗಳಿವೆ. ಅರುಂಧತಿಗೆ 12 ವರ್ಷ ಹಿಡಿದ ಕೆಲಸ ಅಲ್ಲೆಲ್ಲ ಈಗಾಗಲೇ ಮುಗಿದಿದೆ. ಅಲ್ಲಿ ಕೊರತೆ ಇರುವುದು ವಾರಕ್ಕೆ ಇಂತಿಷ್ಟು ದಿನ ನಾಟಕಕ್ಕೇ ಅಂತ ಬರೆದಿಟ್ಟ ಕ್ಯಾಲೆಂಡರ್, ತಂಡಗಳಿಗೆ ಎಟುಕುವ ಬಾಡಿಗೆ, ಲೈಟ್ ಬೋರ್ಡ್ ಬಲ್ಲ ಒಬ್ಬ ತಂತ್ರಜ್ಞ, ಮತ್ತು ಸಮಯಕ್ಕೆ ಬಾಗಿಲು ಮುಚ್ಚುವ ಅಧಿಕಾರ ಇರುವ ಒಬ್ಬ ವ್ಯವಸ್ಥಾಪಕ. ಯಾವುದಾದರೂ ಒಂದು ಜಿಲ್ಲೆ ವಾರಕ್ಕೆ ಎರಡು ದಿನದಿಂದ ಶುರು ಮಾಡಿದರೂ ಸಾಕು. ಹೇಗೆ ಅಂತ ಕೇಳಲು ಜೆ.ಪಿ. ನಗರಕ್ಕೆ ಹೋದರಾಯಿತು.